ಹತ್ತು ಗ್ರಾಂ ಸರದಲ್ಲಿ ಮೂರೂ ಮುಕ್ಕಾಲು ಗ್ರಾಂ ಚಿನ್ನ

2025ರ ಆಗಸ್ಟ್. ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕೈದು ದಿನ ಇತ್ತು. ನನ್ನ ಹೆಂಡತಿಗೆ ಚೀಟಿ ದುಡ್ಡು ಬಂದಿತ್ತು, 45 ಸಾವಿರ. ಅಪರಂಜಿ, ಅಂದರೆ 24 ಕ್ಯಾರೆಟ್ ಚಿನ್ನದ ಬೆಲೆ ಗ್ರಾಂಗೆ ಹೆಚ್ಚುಕಡಿಮೆ ಹತ್ತು ಸಾವಿರ ಮುಟ್ಟಿತ್ತು. ಈ ದುಡ್ಡಿಗೆ ಏನು ಬರುತ್ತೆ ಅಂತ ಮಂಡ್ಯದಲ್ಲೇ ಒಂದು ಅಂಗಡಿಗೆ ಹೋದೆವು.

"ಒಂಬತ್ತು ಕ್ಯಾರೆಟ್ ಬಂದಿದೆ ಸರ್. ಹತ್ತು ಗ್ರಾಂ ಸರ, 45 ಸಾವಿರದೊಳಗೆ" ಅಂದ ಹುಡುಗ. ಹತ್ತು ಗ್ರಾಂ ಅಂದ ಕೂಡಲೇ ಇವಳ ಮುಖ ಅರಳಿತು. ನನಗೂ ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಹಾಲ್‌ಮಾರ್ಕ್ ಕೂಡ ಇತ್ತು. ಹಿಂದಿನ ತಿಂಗಳಷ್ಟೇ ಸರ್ಕಾರ ಒಂಬತ್ತು ಕ್ಯಾರೆಟ್ಟನ್ನೂ ಹಾಲ್‌ಮಾರ್ಕ್ ಪಟ್ಟಿಗೆ ಸೇರಿಸಿತ್ತು. ಸರದ ಕೊಂಡಿಯ ಮೇಲಿದ್ದ ಆರು ಅಕ್ಷರದ ಎಚ್‌ಯುಐಡಿಯನ್ನು (ಪ್ರತಿ ಒಡವೆಗೂ ಕೊಡುವ ಹಾಲ್‌ಮಾರ್ಕ್ ಗುರುತಿನ ಸಂಖ್ಯೆ) ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿ ನೋಡಿದೆ. ಸರಿಯಾಗೇ ಇತ್ತು. ಮೋಸ ಏನೂ ಇಲ್ಲ. ಆದರೆ ಸಾವಿರಕ್ಕೆ 375 ಪಾಲು ಮಾತ್ರ ಚಿನ್ನ. ಉಳಿದದ್ದು ತಾಮ್ರ, ಬೆಳ್ಳಿ, ಸತು.

ಒಂದು ದಿನ ಟೈಮ್ ಕೊಡಿ ಅಂತ ಮನೆಗೆ ಬಂದು ಕ್ಯಾಲೆಂಡರ್ ಹಿಂದೆ ಲೆಕ್ಕ ಬರೆದೆ. ಹತ್ತು ಗ್ರಾಂ ಸರದಲ್ಲಿ ಚಿನ್ನ 3.75 ಗ್ರಾಂ, ಅಂದರೆ 37,500 ರೂಪಾಯಿ. ಮಜೂರಿ ಗ್ರಾಂಗೆ 600 ಹೇಳಿದ್ದರು, ಅದು 6,000. ಎಲ್ಲದರ ಮೇಲೆ ಮೂರು ಪರ್ಸೆಂಟ್ ಜಿಎಸ್‌ಟಿ, 1,305. ಒಟ್ಟು 44,805. ಹಾಲ್‌ಮಾರ್ಕ್‌ನ 45 ರೂಪಾಯಿ ಬೇರೆ.

ನನ್ನ ಕಣ್ಣು ನಿಂತಿದ್ದು ಮಜೂರಿ ಮೇಲೆ. ಅದೇ 600ರ ಲೆಕ್ಕದಲ್ಲಿ 916, ಅಂದರೆ 22 ಕ್ಯಾರೆಟ್‌ನ ಹತ್ತು ಗ್ರಾಂ ಸರ ಮಾಡಿಸಿದ್ದರೆ ಚಿನ್ನವೇ 91,600 ಆಗುತ್ತಿತ್ತು, ಮಜೂರಿ ಅದರ ಆರೂವರೆ ಪರ್ಸೆಂಟ್. ಇಲ್ಲಿ ಹದಿನಾರು ಪರ್ಸೆಂಟ್! ಅಕ್ಕಸಾಲಿಗೆ ಕೆಲಸ ಒಂದೇ ಅಲ್ವಾ, ತಾಮ್ರ ಜಾಸ್ತಿ ಇದೆ ಅಂತ ಅವನು ಕೂಲಿ ಇಳಿಸುತ್ತಾನಾ?

ಮಾರನೇ ದಿನ ಅಂಗಡಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: "ನಾಳೆ ವಾಪಸ್ ತಂದರೆ ಎಷ್ಟು ಕೊಡ್ತೀರಾ?" ಹುಡುಗ ಓನರ್ ಕಡೆ ನೋಡಿದ. ಓನರ್ ನೇರ ಮನುಷ್ಯ. ಚಿನ್ನದ ಬೆಲೆಯಲ್ಲಿ ಮೂರು ಪರ್ಸೆಂಟ್ ಕಳೆದು ಕೊಡ್ತೀವಿ ಅಂದರು. ಅಂದರೆ 36,375. ಅಂಗಡಿ ಮೆಟ್ಟಿಲು ಇಳಿಯುವಷ್ಟರಲ್ಲಿ 8,430 ಹೋಯಿತು. ಅಸಲು ಹುಟ್ಟಬೇಕಾದರೆ ಗ್ರಾಂ ಬೆಲೆ ಹತ್ತು ಸಾವಿರದಿಂದ 12,300 ದಾಟಬೇಕು. ದಾಟಬಹುದು. ಆದರೆ ಆಗ ಬೇರೆ ಚಿನ್ನ ಕೊಂಡವರು ಲಾಭದಲ್ಲಿರುತ್ತಾರೆ, ನಾನು ಸಮಸಮಕ್ಕೆ ಬಂದಿರುತ್ತೇನೆ.

ನನಗೆ ಈ ಭಯ ಸುಮ್ನೆ ಬಂದದ್ದಲ್ಲ. ಅಮ್ಮನ ಸರವೊಂದಿತ್ತು, 24 ಗ್ರಾಂ. ಹಾಲ್‌ಮಾರ್ಕ್ ಕಾಲದ್ದಲ್ಲ, ರಸೀದಿಯಲ್ಲಿ 22 ಕ್ಯಾರೆಟ್ ಅಂತ ಬರೆದಿತ್ತು. ತಂಗಿ ಮದುವೆಗೆ ಮಾರಲು ಹೋದಾಗ ಮೆಷಿನ್‌ಗೆ ಇಟ್ಟರು, 84 ಪರ್ಸೆಂಟ್ ತೋರಿಸಿತು. ಕೊಂಡಿ ಕೊಂಡಿಗೂ ಬೆಸುಗೆ, ಅದೆಲ್ಲ ಸೇರಿ ಹಾಗೆ ಅಂದರು. ಅಮ್ಮ ಮಾತಾಡಲಿಲ್ಲ. ಬಸ್ಸಿನಲ್ಲಿ ಬರುವಾಗ ಖಾಲಿ ಡಬ್ಬಿ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದಳು.

ಕಷ್ಟಕ್ಕೆ ಅಡವಿಡಬಹುದಲ್ಲ ಅಂದಳು ಹೆಂಡತಿ. ಒಳ್ಳೆ ಮಾತು. ನಮ್ಮ ಕಡೆ ಕಬ್ಬಿನ ದುಡ್ಡು ಬರುವ ತನಕ ಒಡವೆಯೇ ಗತಿ. ಗಿರವಿ ಚಿನ್ನ ನೋಡುವ ಪರಿಚಯದವರೊಬ್ಬರನ್ನು ಕೇಳಿದೆ. 18 ಕ್ಯಾರೆಟ್ಟಿಗಿಂತ ಕಮ್ಮಿ ನಮ್ಮಲ್ಲಿ ಮುಟ್ಟಲ್ಲ ಅಂದರು. ಒಡವೆ ಅಂಗಡಿಯಲ್ಲಿ ಕೊಂಡ ಚಿನ್ನದ ನಾಣ್ಯವೂ ಬೇಡ ಅಂದರು! ಅದನ್ನು ಇವಳಿಗೆ ಹೇಳಬೇಕೋ ಬೇಡವೋ ಅಂತ ಯೋಚಿಸಿ, ಕೊನೆಗೆ ಹೇಳಿದೆ.

ಮಗಳಿಗೆ ದಿನಾ ಹಾಕಿಕೊಳ್ಳಲು ಅಂತಿದ್ದರೆ ಒಂಬತ್ತು ಕ್ಯಾರೆಟ್ಟನ್ನೇ ತರುತ್ತಿದ್ದೆ. ಗಟ್ಟಿ ಇರುತ್ತೆ, ಕಳೆದರೂ ಎದೆ ಒಡೆಯಲ್ಲ. ಈ ದುಡ್ಡು ಕೂಡಿಡುವ ದುಡ್ಡು.

ಶುಕ್ರವಾರದ ಹಬ್ಬದೊಳಗೆ ತೀರ್ಮಾನ ಆಗಲಿ ಅಂತ ಬುಧವಾರ ಬೆಳಗಿನ ರೈಲಿಗೆ ಮೈಸೂರಿಗೆ ಹೋದೆವು. ಅಶೋಕ ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದು, ವಾಪಸ್ ರೇಟನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟವರ ಹತ್ತಿರ 24 ಕ್ಯಾರೆಟ್‌ನ ನಾಲ್ಕು ಗ್ರಾಂ ನಾಣ್ಯ ತೆಗೆದುಕೊಂಡೆವು. ಮಜೂರಿ ಮೂರು ಪರ್ಸೆಂಟ್, ಜಿಎಸ್‌ಟಿ ಸೇರಿ 42,436. ಉಳಿದ ದುಡ್ಡಿನಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ಹೂವು, ಬಾಳೆಕಂದು, ಅವಳಿಗೊಂದು ಸೀರೆ.

ಹಬ್ಬದ ದಿನ ನಾಣ್ಯವನ್ನು ಕಲಶದ ಮುಂದೆ ಇಟ್ಟಿದ್ದಳು. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರ ಕೊರಳಲ್ಲಿ ಅದೇ ಹತ್ತು ಗ್ರಾಂ ಸರ! ಇವಳು ಒಂದು ಸಲ ಸರ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ನಾನು ಕೋಸಂಬರಿ ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ.