ಸುರಂಗದ ನೀರು, 447ರ ಕೇಸು

ಕಾಸರಗೋಡಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಾನು ನಡೆಸಿದ ಅತಿಕ್ರಮ ಪ್ರವೇಶದ ಕೇಸುಗಳಲ್ಲಿ ಜಾಗ ಕಬಳಿಸಲೆಂದು ನುಗ್ಗಿದವರು ಕಡಿಮೆ. ಹೆಚ್ಚಿನವರು ಅಣ್ಣತಮ್ಮಂದಿರು, ನೆರೆಕರೆಯವರು. ದಾರಿಗೋ ನೀರಿಗೋ ಸೊಪ್ಪಿಗೋ ಹೋದವರು. ಅಂಥ ಒಂದು ಕೇಸು ಮುಗಿದ ರೀತಿಯನ್ನು ಇಲ್ಲಿ ಬರೆಯುತ್ತೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

2017ರಲ್ಲಿ ಬದಿಯಡ್ಕದ ಕಡೆಯ ಕೃಷಿಕರೊಬ್ಬರು ಸಮನ್ಸ್ ಹಿಡಿದುಕೊಂಡು ಬಂದರು. ವಯಸ್ಸು ಅರುವತ್ತು ದಾಟಿತ್ತು. ಅವರ ಅಡಿಕೆ ತೋಟಕ್ಕೆ ನೀರು ಬರುವುದು ಮೇಲಿನ ಗುಡ್ಡೆಯ ಸುರಂಗದಿಂದ. ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಆ ಸುರಂಗವನ್ನು ತೋಡಿಸಿದ್ದು ಅವರ ತಂದೆ. 1987ರ ಪಾಲಿನಲ್ಲಿ ಮೇಲಿನ ಜಾಗ ಮತ್ತು ಮನೆ ಅಣ್ಣನಿಗೆ ಹೋಯಿತು, ಕೆಳಗಿನ ತೋಟ ಇವರಿಗೆ ಬಂತು. ಪಾಲುಪಟ್ಟಿಯಲ್ಲಿ ಒಂದೊಂದು ತೆಂಗಿನ ಮರದ ಲೆಕ್ಕವೂ ಉಂಟು, ಸುರಂಗದ ಹೆಸರೇ ಇಲ್ಲ. ಅಣ್ಣ ಇದ್ದಷ್ಟು ಕಾಲ ಅದು ಬೇಕಾಗಲೂ ಇಲ್ಲ. ಅಣ್ಣ ತೀರಿಕೊಂಡ ಮೇಲೆ, ಗಲ್ಫಿನಿಂದ ರಜೆಯಲ್ಲಿ ಬಂದ ಅಣ್ಣನ ಮಗ ತಂತಿಬೇಲಿ ಹಾಕಿಸಿದ. ಆ ಮಳೆಗಾಲದಲ್ಲಿ ಸುರಂಗದ ಬಾಯಿಗೆ ಮಣ್ಣು ಕುಸಿದು ನೀರು ನಿಂತಿತು. ಇವರು ಪಿಕಾಸು ಹಿಡಿದು ಹೋದರು, ಎರಡು ಸಾಲು ತಂತಿ ಕಡಿದರು, ಮಣ್ಣು ತೆಗೆದರು. ಅಲ್ಲೇ ಮಾತಿಗೆ ಮಾತು ಬೆಳೆಯಿತು.

ಎಫ್‌ಐಆರ್‌ನಲ್ಲಿ ಆಗಿನ ಭಾರತೀಯ ದಂಡ ಸಂಹಿತೆಯ ನಾಲ್ಕು ಸೆಕ್ಷನ್ ಇತ್ತು. ಅತಿಕ್ರಮ ಪ್ರವೇಶಕ್ಕೆ 447, ಬೇಲಿ ಹಾಳು ಮಾಡಿದ್ದಕ್ಕೆ 427, ಬೆದರಿಕೆಗೆ 506, ಅಶ್ಲೀಲ ಮಾತಿಗೆ 294 ಬಿ.

ನಮ್ಮ ಕಡೆಯ ಕಕ್ಷಿದಾರರು ಮೊದಲು ಬಿಚ್ಚುವುದು ಜಾಗದ ಆಧಾರವನ್ನು. ಇವರೂ ಹಳೇ ವರ್ಗದ (ಜಮೀನಿನ ಹಿಡುವಳಿಯ) ಕಾಗದ, ತೀರ್ವೆ (ಭೂಕಂದಾಯ) ರಶೀದಿಗಳ ಕಟ್ಟನ್ನೇ ತಂದಿದ್ದರು. 447ರಲ್ಲಿ ಜಾಗ ಯಾರದ್ದು ಎಂಬುದು ಮೊದಲ ಪ್ರಶ್ನೆಯಲ್ಲ. ಆ ದಿನ ಜಾಗ ಯಾರ ಸ್ವಾಧೀನದಲ್ಲಿತ್ತು, ಹೋದವನು ಯಾವ ಉದ್ದೇಶದಿಂದ ಹೋದ, ಇವೆರಡೇ ಮುಖ್ಯ. ಅಪರಾಧ ಮಾಡಲು, ಹೆದರಿಸಲು, ಅವಮಾನಿಸಲು ಅಥವಾ ಉಪದ್ರ ಕೊಡಲು ಹೋಗಿರಬೇಕು. ನಾನು ಹೋದರೆ ಅವನಿಗೆ ಸಿಟ್ಟು ಬರಬಹುದು ಎಂದು ಗೊತ್ತಿದ್ದರೆ ಸಾಲದು, ಸಿಟ್ಟು ಬರಿಸುವುದೇ ಗುರಿಯಾಗಿರಬೇಕು ಎಂದು 1964ರಲ್ಲೇ ಮಾತ್ರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೂವತ್ತು ವರ್ಷ ನೀರು ತಂದ ಮನುಷ್ಯ ಮಣ್ಣು ತೆಗೆಯಲು ಹೋದದ್ದು ಉಪದ್ರ ಕೊಡಲಿಕ್ಕೆ ಎಂದು ಸಾಬೀತು ಮಾಡುವುದು ಸುಲಭವಲ್ಲ. ವಿಚಾರಣೆ ನಡೆಸಿದ್ದರೆ ಗೆಲ್ಲುತ್ತಿದ್ದೆವು ಎಂದೇ ಈಗಲೂ ನನ್ನ ನಂಬಿಕೆ. ಆದರೆ ಗೆದ್ದ ಮರುದಿನವೂ ಸುರಂಗ ಬೇಲಿಯ ಒಳಗೇ ಇರುತ್ತಿತ್ತು.

ಈ ಪಾಠ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ವಕೀಲಿಕೆಯ ಆರಂಭದಲ್ಲಿ ಇಂಥದ್ದೇ ಕೇಸೊಂದು, ಅದು ದಾರಿಯದ್ದು. ಕಕ್ಷಿಗಳು ರಾಜಿಯಾಗಿದ್ದಾರೆ ಎಂಬ ಒಂದು ಸಾಲಿನ ಅರ್ಜಿ ಹಾಕಿ ಮುಗಿಸಿದ್ದೆ. ರಾಜಿ ದಾಖಲಾದರೆ ಆರೋಪಿ ಖುಲಾಸೆಯಾದ ಹಾಗೇ. ಇಬ್ಬರೂ ಕೈಕುಲುಕಿ ಹೋದರು. ವರ್ಷ ತಿರುಗುವುದರೊಳಗೆ ಅದೇ ತಡಮೆಯ (ಬೇಲಿ ದಾಟುವ ಜಾಗದ) ಹತ್ತಿರ ಇನ್ನೊಂದು ಗಲಾಟೆಯಾಗಿ ಒಬ್ಬರ ಕೈ ಮುರಿಯಿತು. ದಾರಿಯ ಬಗ್ಗೆ ಒಂದಕ್ಷರವನ್ನೂ ನಾನು ಬರೆಸಿರಲಿಲ್ಲ. ಆ ಮುರಿದ ಕೈ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಹಾಗಾಗಿ ಈ ಸಲ ಮೊದಲು ಎಫ್‌ಐಆರ್ ಇಟ್ಟುಕೊಂಡು ಕುಳಿತೆ. ಅದು ಮಲಯಾಳದಲ್ಲಿತ್ತು. ಇವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಕೆಟ್ಟ ಅಶ್ಲೀಲ ಮಾತುಗಳಿಂದ ಬೈದ ಎಂಬಲ್ಲಿಗೆ ಬಂದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

“ಅತ್ತಿಗೆ ಅಲ್ಲೇ ನಿಂತಿದ್ದರು ವಕೀಲರೇ. ಅವರ ಎದುರು ನಾನು ಅಂಥ ಮಾತು ಆಡುವುದುಂಟಾ?”

“ಹಾಗಾದರೆ ಎಂತ ಹೇಳಿದ್ದು?”

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ನೆಲ ನೋಡುತ್ತಾ ಹೇಳಿದರು: “ನಿನಗೆ ಕೊನೆಗಾಲಕ್ಕೆ ಬಾಯಿಗೆ ನೀರು ಬಿಡುವವರು ಇರಲಿಕ್ಕಿಲ್ಲ ಅಂದೆ.”

ಇಡೀ ಕೇಸಿನ ಮುಳ್ಳು ಅದೇ ಮಾತು ಎಂದು ನನಗೆ ಆಗಲೇ ಅನಿಸಿತು.

ಎದುರು ಪಕ್ಷದ ವಕೀಲರಿಗೆ ತಿಳಿಸಿ, ಅವರ ಜೊತೆಯಲ್ಲೇ ಜಾಗಕ್ಕೆ ಹೋದೆ. ಇದು ಮುಖ್ಯ. ನೀರಿನ ತಕರಾರನ್ನು ಕೋರ್ಟಿನ ಜಗಲಿಯಲ್ಲಿ ನಿಂತು ಬಗೆಹರಿಸಲು ಆಗುವುದಿಲ್ಲ. ಪೈಪು ಎಲ್ಲಿ ಹಾಯುತ್ತದೆ, ಮಣ್ಣು ತೆಗೆದು ಎಲ್ಲಿ ಹಾಕುತ್ತಾರೆ, ಬೇಲಿಗೆ ಗೇಟು ಇಡುವುದಾದರೆ ಎಲ್ಲಿ ಎಂಬುದೆಲ್ಲ ಕಣ್ಣಿಗೆ ಕಾಣಬೇಕು. ಅಣ್ಣನ ಮಗನಿಗೆ ನೀರು ಕೊಡಬಾರದು ಎಂದೇನೂ ಇರಲಿಲ್ಲ. ಮುಂದೆ ಚಿಕ್ಕಪ್ಪನ ಮಕ್ಕಳು ಸುರಂಗದ ಜೊತೆಗೆ ಗುಡ್ಡೆಯೂ ನಮ್ಮದು ಎಂದಾರು ಎಂಬ ಹೆದರಿಕೆ ಇತ್ತು. ಆ ಹೆದರಿಕೆ ನ್ಯಾಯವಾದದ್ದೇ. ನಾನು 1882ರ ಈಸ್‌ಮೆಂಟ್ ಕಾಯ್ದೆಯ 13ನೇ ಸೆಕ್ಷನ್ ವಿವರಿಸಿದೆ. ಪಾಲಿನ ಹೊತ್ತಿಗೆ ಎದ್ದು ಕಾಣುವಂತೆ ನಡೆಯುತ್ತಿದ್ದ, ಪಾಲಿನ ಜಾಗದ ಅನುಭೋಗಕ್ಕೆ ಬೇಕೇ ಆದ ಸೌಕರ್ಯ ಪಾಲಾದ ಮೇಲೂ ಮುಂದುವರಿಯುತ್ತದೆ. ಆದರೆ ಅದು ಬಳಸುವ ಹಕ್ಕು ಮಾತ್ರ, ಜಾಗದ ಒಡೆತನ ಅಲ್ಲ. ಈ ವ್ಯತ್ಯಾಸವನ್ನು ಕಾಗದದಲ್ಲಿ ಬರೆದುಕೊಡಲು ನಮ್ಮವರು ಒಪ್ಪಿದ ಮೇಲೆ ಹುಡುಗ ಹಗುರಾದ.

ಅವನ ತಾಯಿ ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದರು. “ಕಾಗದ ಎಷ್ಟು ಬೇಕಾದರೂ ಬರೆಯಿರಿ. ನನ್ನ ಮಗನಿಗೆ ಹೇಳಿದ ಆ ಮಾತನ್ನು ಮೊದಲು ಹಿಂದೆ ತೆಗೆದುಕೊಳ್ಳಲಿ” ಎಂದರು. ನಮ್ಮವರು ಅಂಗಳದಲ್ಲೇ ಕೈಮುಗಿದರು. “ತಪ್ಪಾಯಿತು ಅತ್ತಿಗೆ. ಅವನು ನನಗೂ ಮಗನೇ. ಬಾಯಿ ತಪ್ಪಿ ಬಂತು.” ಅತ್ತಿಗೆ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು.

ಇನ್ನು ಕಾಗದದ ಕೆಲಸ. ಕ್ರಿಮಿನಲ್ ಕೇಸಿನ ರಾಜಿ ಅರ್ಜಿಯೊಳಗೆ ನೀರಿನ ಹಕ್ಕನ್ನು ತುರುಕಿದರೆ ಬಲ ಸಾಲದು. ಅದಕ್ಕೆ ತಾಲೂಕು ಕಾನೂನು ಸೇವಾ ಸಮಿತಿಗೆ ಬೇರೆಯೇ ಅರ್ಜಿ ಕೊಟ್ಟೆವು. ದಾವೆ ಹೂಡುವ ಮೊದಲೇ ತಕರಾರನ್ನು ಲೋಕ್ ಅದಾಲತ್ತಿನಲ್ಲಿ ಮುಗಿಸಲು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ದಾರಿ ಉಂಟು. ಕೋರ್ಟ್ ಫೀಸು ಇಲ್ಲ. ಅಲ್ಲಿ ಆಗುವ ಅವಾರ್ಡಿಗೆ ಸಿವಿಲ್ ಡಿಕ್ರಿಯ ಬೆಲೆ, ಮೇಲೆ ಅಪೀಲು ಇಲ್ಲ. ಸರ್ವೆಯವರಿಂದ ಅಳೆಸಿ ನಕ್ಷೆ ಲಗತ್ತಿಸಿದೆವು. ಪೈಪಿನ ಜಾಗ, ಗೇಟಿನ ಜಾಗ, ವರ್ಷಕ್ಕೊಮ್ಮೆ ಮಳೆ ಬಿಟ್ಟ ಮೇಲೆ ಹೂಳು ತೆಗೆಯುವುದು, ಹಿಂದಿನ ದಿನ ಮನೆಯವರಿಗೆ ಹೇಳುವುದು, ತೆಗೆದ ಮಣ್ಣನ್ನು ಕೆಳಗೆ ಸಾಗಿಸುವುದು, ಗುಡ್ಡೆಯಲ್ಲಿ ಬೇರೆ ಹಕ್ಕಿಲ್ಲ ಎಂಬುದು, ಎಲ್ಲವನ್ನೂ ಬರೆಸಿದೆ. ಕನ್ನಡದಲ್ಲಿ ಕರಡು ಮಾಡಿ ಇಬ್ಬರ ಮನೆಯಲ್ಲೂ ಓದಿಸಿದ ಮೇಲೆ ಮಲಯಾಳಕ್ಕೆ ತಂದೆ.

ರಾಜಿ ಅರ್ಜಿಗೆ ಸಹಿ ಹಾಕುವವರು ಯಾರು ಎಂಬಲ್ಲಿ ಕಿರಿಯ ವಕೀಲರು ಎಡವುವುದನ್ನು ನೋಡಿದ್ದೇನೆ. ಪಿರ್ಯಾದು ಕೊಟ್ಟವರೇ ಸಹಿ ಹಾಕಿದರೆ ಸಾಕು ಎಂದುಕೊಳ್ಳುತ್ತಾರೆ. 447ರಲ್ಲಿ ರಾಜಿಯಾಗುವ ಅಧಿಕಾರ ಇರುವುದು ಜಾಗದ ಸ್ವಾಧೀನದಲ್ಲಿ ಇರುವವರಿಗೆ. 427ರಲ್ಲಿ ನಷ್ಟ ಆದವರಿಗೆ, 506ರಲ್ಲಿ ಬೆದರಿಕೆಗೆ ಒಳಗಾದವರಿಗೆ. ಇಲ್ಲಿ ಪಿರ್ಯಾದು ಮಗನದ್ದು, ಬೇಲಿಯ ದುಡ್ಡೂ ಅವನದ್ದು, ಆದರೆ ವಾಸ ಮತ್ತು ತೀರ್ವೆ ತಾಯಿಯದ್ದು. ಹಾಗಾಗಿ ಇಬ್ಬರೂ ಬರಬೇಕಾಯಿತು. ಹುಡುಗನ ಮುಂದಿನ ರಜೆಗೆ ಕಾದು ವಾಯಿದೆ ತೆಗೆದುಕೊಂಡೆವು. 2019ರಲ್ಲಿ ಮೂರು ಸೆಕ್ಷನ್ ರಾಜಿಯಲ್ಲಿ ಮುಗಿಯಿತು.

ಉಳಿದದ್ದು 294 ಬಿ. ಅದು ರಾಜಿಯಾಗುವ ಅಪರಾಧವಲ್ಲ. ಸಣ್ಣ ಜಗಳಕ್ಕೂ ಈ ಸೆಕ್ಷನ್ ಸೇರಿಸಿಬಿಡುವ ರೂಢಿಯಿಂದ ಎಷ್ಟು ಸಂಸಾರಗಳು ರಾಜಿಯಾದ ಮೇಲೂ ಕೋರ್ಟಿಗೆ ಅಲೆದಿವೆ! ಎರ್ನಾಕುಳಕ್ಕೆ ಹೋಗಿ ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸಬಹುದು. 2012ರ ಗ್ಯಾನ್ ಸಿಂಗ್ ಕೇಸಿನ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೆ ಆಧಾರ. ಆದರೆ ಕೃಷಿಕನಿಗೆ ಖರ್ಚು ಹೆಚ್ಚು. ಸಾಕ್ಷಿಯೇ ಏನೂ ಗೊತ್ತಿಲ್ಲ ಎಂದುಬಿಟ್ಟರೆ ಮುಗಿಯಿತಲ್ಲ ಎಂದು ಕೆಲವರು ಹೇಳಿದರು. ಪ್ರಮಾಣ ಮಾಡಿ ಸುಳ್ಳು ಹೇಳು ಎಂದು ಹುಡುಗನಿಗೆ ಹೇಳಲು ನಾನು ಒಪ್ಪಲಿಲ್ಲ. ಅವನು ನಿಜ ಹೇಳಿದರೇ ಸಾಕಿತ್ತು.

ಸಾಕ್ಷಿ ಹೇಳುವ ದಿನ ಅವನು ಕನ್ನಡದಲ್ಲಿ ಹೇಳಿದ. ಸಾಕ್ಷಿಯ ಭಾಷೆಯಲ್ಲೇ ಹೇಳಿಕೆ ಬರೆದುಕೊಳ್ಳಲು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 277ನೇ ಸೆಕ್ಷನಿನಲ್ಲಿ ಅವಕಾಶವಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 312ರಲ್ಲೂ ಉಂಟು. ಬೈದ ಮಾತನ್ನು ಅನುವಾದಿಸದೆ ಇದ್ದ ಹಾಗೇ ದಾಖಲಿಸಬೇಕೆಂದು ಕೇಳಿಕೊಂಡೆ. ಮ್ಯಾಜಿಸ್ಟ್ರೇಟರು ಒಪ್ಪಿದರು. ಬಾಯಿಗೆ ನೀರು ಬಿಡುವವರು ಇರಲಿಕ್ಕಿಲ್ಲ ಎಂಬ ಮಾತು ಹಾಗೆಯೇ ಕಡತಕ್ಕೆ ಹೋಯಿತು. ಎಂಥ ನೋವಿನ ಶಾಪ ಅದು. ಆದರೆ ಅಶ್ಲೀಲವಲ್ಲ, ಆಡಿದ್ದು ಸಾರ್ವಜನಿಕ ಜಾಗದಲ್ಲೂ ಅಲ್ಲ. ಆ ಸೆಕ್ಷನಿನಲ್ಲೂ ಖುಲಾಸೆಯಾಯಿತು. ಬರೇ ಬೈಗುಳ ಅಶ್ಲೀಲವಾಗುವುದಿಲ್ಲ, ಕಾಮ ಕೆರಳಿಸುವ ಅಂಶ ಬೇಕು ಎಂದು ಮೂರು ವರ್ಷದ ನಂತರ, 2022ರಲ್ಲಿ, ಮದನಗೋಪಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

2024ರ ಜುಲೈ 1ರಿಂದ 447ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 329 ಬಂದಿದೆ. ಮೂರು ತಿಂಗಳ ಗರಿಷ್ಠ ಸಜೆ ಹಾಗೇ ಉಂಟು, ದಂಡದ ಮಿತಿ 500ರಿಂದ 5,000 ರೂಪಾಯಿಗೆ ಏರಿದೆ. ರಾಜಿಯ ದಾರಿ ಮುಚ್ಚಿಲ್ಲ, ಸಹಿ ಈಗಲೂ ಸ್ವಾಧೀನದಲ್ಲಿರುವವರದ್ದೇ ಬೇಕು.

ಖುಲಾಸೆಯಾದ ಆ ಸಂಜೆ ಚಿಕ್ಕಪ್ಪನೂ ಮಗನೂ ಕೋರ್ಟ್ ಇರುವ ವಿದ್ಯಾನಗರದಿಂದ ಒಂದೇ ಬಸ್ಸಿಗೆ ಹತ್ತಿದರು. ಮಳೆ ಬಿಟ್ಟಿತ್ತು, ಹೂಳು ತೆಗೆಯುವ ದಿನ ಹತ್ತಿರ ಬಂದಿತ್ತು. ಆಳು ಯಾರನ್ನು ಕರೆಯುವುದು ಎಂದು ಮಾತಾಡಿಕೊಳ್ಳುತ್ತಿದ್ದರು.