ಜಾಮ್ ಬಿಸ್ಕತ್ತಿಗೆ ಜಾಮ್ ಗಟ್ಟಿ ಇರಬೇಕು

ಮೊದಲ ಸಲ ಜಾಮ್ ಬಿಸ್ಕತ್ತು ಮಾಡಿದಾಗ ಜಾಮೆಲ್ಲ ಉಕ್ಕಿ ಹರಿದು, ತಟ್ಟೆಗೆ ಅಂಟಿ ಕರಕಲಾಗಿ, ಎರಡು ದಿನ ತಟ್ಟೆ ತಿಕ್ಕಿದ್ದೇ ಬಂತು. ಹಿಟ್ಟಿನದೇನೂ ತಪ್ಪಿರಲಿಲ್ಲ. ಅಂಗಡಿ ಜಾಮನ್ನು ಬಾಟಲಿಯಿಂದ ತೆಗೆದು ಹಾಗೇ ತುಂಬಿದ್ದೆ, ಅದೂ ಗುಳಿಯ ಅಂಚಿನವರೆಗೆ.

ಈಗ ಬನವಾಸಿ ಕಡೆಯ ಅನಾನಸ್ ಸಿಕ್ಕಾಗ ಮನೆಯಲ್ಲೇ ಕಾಯಿಸುತ್ತೇನೆ. ಸಣ್ಣಗೆ ಹೆಚ್ಚಿದ ಅರ್ಧ ಕಿಲೋ ಹಣ್ಣಿಗೆ 300 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ಅನಾನಸ್ ಬೇಗ ಗಟ್ಟಿಯಾಗುವ ಹಣ್ಣಲ್ಲ, ನೀರು ಆರುವವರೆಗೆ ಒಲೆ ಮುಂದೆ ನಿಂತು ತಿರುವುತ್ತಲೇ ಇರಬೇಕು. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು, ಆರಿದ ಮೇಲೆ ಬೆರಳಲ್ಲಿ ಗೆರೆ ಎಳೆಯಿರಿ. ಗೆರೆ ಮುಚ್ಚಿಕೊಳ್ಳಬಾರದು. ಬ್ರೆಡ್ಡಿಗೆ ಹಚ್ಚುವ ಹದಕ್ಕಿಂತ ಎರಡು ನಿಮಿಷ ಜಾಸ್ತಿಯೇ ಕಾಯಲಿ. ಅಂಗಡಿಯದಾದರೂ ಅಷ್ಟೇ, ಸಣ್ಣ ಉರಿಯಲ್ಲಿ ಸ್ವಲ್ಪ ಕಾಯಿಸಿ ಗಟ್ಟಿ ಮಾಡಿಕೊಳ್ಳಿ. ಅಂಕೋಲಾದ ಕರಿ ಇಶಾಡ ಮಾವಿನ ಜಾಮೂ ಚೆನ್ನ, ಆದರೆ ಆ ಹಣ್ಣು ಮನೆಗೆ ಬಂದರೆ ಜಾಮಿಗೆ ಅಂತ ಉಳಿಯುವುದುಂಟಾ!

ಹಿಟ್ಟಿನ ಲೆಕ್ಕ ಸುಲಭ. 50 ಗ್ರಾಂ ಸಕ್ಕರೆ ಪುಡಿ, 100 ಗ್ರಾಂ ಬೆಣ್ಣೆ, 150 ಗ್ರಾಂ ಮೈದಾ, ಚಿಟಿಕೆ ಉಪ್ಪು, ಎರಡು ಏಲಕ್ಕಿ. ಮನೆಯ ಬೆಣ್ಣೆಯಾದರೆ ತಣ್ಣೀರಲ್ಲಿ ತೊಳೆದು ನೀರನ್ನೆಲ್ಲ ಒತ್ತಿ ತೆಗೆಯಿರಿ, ಇಲ್ಲದಿದ್ದರೆ ಬಿಸ್ಕತ್ತು ಗಡುಸಾಗುತ್ತದೆ. ಚಪಾತಿ ಹಿಟ್ಟಿನ ಹಾಗೆ ನಾದಿದರೂ ಅದೇ ಗತಿ, ಸುಮ್ನೆ ಒಟ್ಟುಗೂಡಿಸಿದರೆ ಸಾಕು. ಕಾರವಾರದ ಮೇ ತಿಂಗಳ ಸೆಕೆಯಲ್ಲಿ ಬೆಣ್ಣೆ ಕೈಯಲ್ಲೇ ಕರಗುತ್ತದೆ, ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೇ ಮುಂದುವರಿಯಿರಿ.

ಹಣ್ಣಡಿಕೆ ಗಾತ್ರದ ಉಂಡೆ ಮಾಡಿ. ಉಂಡೆ ನುಣ್ಣಗಿದ್ದರೆ ಒತ್ತಿದಾಗ ಅಂಚು ಬಿರಿಯುವುದು ಕಡಿಮೆ. ಹೆಬ್ಬೆರಳಲ್ಲಿ ಗುಳಿ ಮಾಡಿ, ತಳ ತೂತಾಗದಂತೆ. ಜಾಮ್ ಅರ್ಧ ಚಿಕ್ಕ ಚಮಚ ಮಾತ್ರ, ಅಂಚಿಗಿಂತ ಕೆಳಗೇ ಇರಲಿ.

ಮೊದಲೇ ಕಾದ ಓವನ್ನಿನಲ್ಲಿ 170 ಡಿಗ್ರಿಗೆ ಸುಮಾರು 15 ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಗೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ, ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 20–25 ನಿಮಿಷ ಬೇಯಿಸಿದರಾಯಿತು. ಅಂಚು ಸ್ವಲ್ಪ ಕೆಂಪಾದರೆ ಇಳಿಸಿ. ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ಮತ್ತೆ ಒಳಗಿಡಬೇಡಿ, ಆರಿದ ಮೇಲೆ ಗರಿಗರಿಯಾಗುತ್ತದೆ. ಆರುವವರೆಗೆ ಮಕ್ಕಳನ್ನು ದೂರ ಇಡಿ, ಬಿಸ್ಕತ್ತು ಆರಿದರೂ ಒಳಗಿನ ಜಾಮ್ ಕುದಿಯುತ್ತಿರುತ್ತದೆ, ನಾಲಿಗೆ ಸುಟ್ಟೀತು.

ನಮ್ಮ ಶಿರಸಿ ಮಳೆಗಾಲದಲ್ಲಿ ಇನ್ನೊಂದು ತೊಂದರೆ, ಜಾಮ್ ತುಂಬಿದ ಬಿಸ್ಕತ್ತು ಮಾರನೇ ದಿನಕ್ಕೇ ಮೆತ್ತಗಾಗುತ್ತದೆ. ಅದಕ್ಕೇ ನಾನು ಗುಳಿ ಮಾಡಿ ಬರೀ ಬಿಸ್ಕತ್ತನ್ನೇ ಬೇಯಿಸಿ, ಪೂರ್ತಿ ಆರಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ. ನೆಂಟರು ಬಂದ ದಿನ ಜಾಮ್ ತುಂಬಿ 5 ನಿಮಿಷ ಮತ್ತೆ ಒಳಗಿಟ್ಟರೆ, ಚಹಾ ಕುದಿಯುವ ಹೊತ್ತಿಗೆ ತಯಾರು.