ತಿಂಗಳ ರೀಚಾರ್ಜ್ ಇಲ್ಲದೆ ಮ್ಯಾಚ್ ನೋಡಬೇಕಾ? ಡಿಶ್ ಹೀಗೆ ತಿರುಗಿಸಿ

ಒಬ್ಬ ತಾರಸಿ ಮೇಲೆ ಡಿಶ್ ಹಿಡಿದು 'ಬಂತಾ?' ಅಂತ ಕೂಗುತ್ತಾನೆ. ಕೆಳಗಿನಿಂದ 'ಬಂತು... ಅಯ್ಯೋ ಹೋಯ್ತು!' ಅಷ್ಟರಲ್ಲಿ ಎರಡು ವಿಕೆಟ್ ಬಿದ್ದಿರುತ್ತವೆ. ನಮ್ಮ ಭಾವನ ಮನೆಯಲ್ಲಿ ಒಂದಿಡೀ ಭಾನುವಾರ ಇದೇ ನಾಟಕ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನಿಸಿತು.

ಹೇಳುತ್ತಿರುವುದು ಡಿಡಿ ಫ್ರೀ ಡಿಶ್ ಬಗ್ಗೆ. ದೂರದರ್ಶನ ನಡೆಸುವ ಪ್ರಸಾರ ಭಾರತಿಯದ್ದು, 2004ರಿಂದ ಇದೆ. ಡಿಶ್, ಬಾಕ್ಸ್, ವೈರು ಸೇರಿ ಒಂದೇ ಸಲ 2000 ರೂಪಾಯಿ ಆಸುಪಾಸು ಖರ್ಚು, ಆಮೇಲೆ ತಿಂಗಳ ದುಡ್ಡಿಲ್ಲ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಭಾರತದ ಪುರುಷರ ತಂಡ ಆಡುವ ಒನ್‌ಡೇ ಮತ್ತು ಟಿ20ಗಳನ್ನು ಖಾಸಗಿ ಚಾನೆಲ್‌ಗಳು ದೂರದರ್ಶನದ ಜತೆ ಹಂಚಿಕೊಳ್ಳಲೇಬೇಕು, 2007ರ ಕಾಯ್ದೆ ಇದೆ. ಕೇಬಲ್‌ನಲ್ಲೂ ಡಿಡಿ ಸ್ಪೋರ್ಟ್ಸ್ ಬರುತ್ತಲ್ಲ ಅಂತೀರಾ? ಬರುತ್ತದೆ, ಆದರೆ ಇಂಥ ಮ್ಯಾಚ್ ಹೊತ್ತಿಗೆ ಅದರಲ್ಲಿ ಬೇರೇನೋ ಓಡುತ್ತಿರುತ್ತದೆ. ಹಾಗೆ ಹಂಚಿಕೊಂಡದ್ದು ದೂರದರ್ಶನದ ಸ್ವಂತ ಜಾಲದಲ್ಲಷ್ಟೇ ಹೋಗಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಐಪಿಎಲ್, ಪ್ರೊ ಕಬಡ್ಡಿ ಈ ಪಟ್ಟಿಯಲ್ಲಿಲ್ಲ. ಅವಕ್ಕೋಸ್ಕರ ಡಿಶ್ ಹಾಕಿಸಿ ಆಮೇಲೆ ನನ್ನನ್ನು ಬಯ್ಯಬೇಡಿ.

ಸಾಮಾನು. ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಬಾಕ್ಸ್ ಮಾತ್ರ ತಗೊಳ್ಳಿ. ಹಳೇ ಎಂಪೆಗ್-2 ಬಾಕ್ಸನ್ನು ಅಂಗಡಿಯವರು ಕಮ್ಮಿ ರೇಟಿಗೆ ದಾಟಿಸಲು ನೋಡುತ್ತಾರೆ, ಅದರಲ್ಲಿ ಅರ್ಧ ಚಾನೆಲ್ ಕೈತಪ್ಪುತ್ತವೆ. ವೈರು ಒಂದೇ ಉದ್ದದ್ದು ಇರಲಿ. ಎರಡು ತುಂಡು ತಿರುಚಿ ಟೇಪ್ ಸುತ್ತುವ ಜಾಣತನ ಮೊದಲ ಮಳೆವರೆಗೆ ಅಷ್ಟೇ. ಮನೆ ಮೇಲಿನ ಹಳೇ ಆ್ಯಂಟೆನಾ ಇದೆಯಲ್ಲ, ಅದನ್ನು ಮರೆತುಬಿಡಿ. ಅದಕ್ಕೆ ಸಿಗ್ನಲ್ ಕಳಿಸುತ್ತಿದ್ದ ಟ್ರಾನ್ಸ್‌ಮಿಟರ್‌ಗಳು ಬಹುತೇಕ ಬಂದ್ ಆಗಿವೆ.

ಕಂಬ. ಆ್ಯಂಕರ್ ಬೋಲ್ಟ್ ಹಾಕಿ ಭದ್ರ ಮಾಡಿ. ರಸಮಟ್ಟ ಇಟ್ಟು ನೆಟ್ಟಗಿದೆಯಾ ನೋಡಿ. ಕಂಬ ವಾಲಿದ್ದರೆ ಮುಂದಿನ ಲೆಕ್ಕವೆಲ್ಲ ವಾಲುತ್ತದೆ.

ತಿರುಗಿಸುವುದು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಉಪಗ್ರಹದ ಹೆಸರು ಜಿಸ್ಯಾಟ್-15, ಜಾಗ 93.5 ಡಿಗ್ರಿ ಪೂರ್ವ ರೇಖಾಂಶ. 2015ರಲ್ಲಿ ಮೇಲೆ ಹೋದದ್ದು, ಅದನ್ನು ನೋಡಿಕೊಳ್ಳುವವರು ನಮ್ಮ ಹಾಸನದ ಇಸ್ರೊ ಕೇಂದ್ರದವರು. ನಮಗೆ ಅದು ಆಗ್ನೇಯ ದಿಕ್ಕಿಗೆ, ಅಂದರೆ ವಾಸ್ತುವಿನವರು ಅಡುಗೆಮನೆ ಇರಬೇಕು ಅನ್ನುವ ಮೂಲೆ. ಬೆಂಗಳೂರಿನಲ್ಲಿ ದಿಕ್ಸೂಚಿ 128ರ ಹತ್ತಿರ ತೋರಿಸಬೇಕು, ಮಂಗಳೂರಿನಲ್ಲಿ 124, ಬೀದರ್‌ನಲ್ಲಿ 137. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬಕ್ಕೆ ತಾಗಿಸಿ ಹಿಡಿಯಬೇಡಿ, ಸುಳ್ಳು ಹೇಳುತ್ತದೆ. ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ.

ಎತ್ತರದ ಕೋನ ಬೆಂಗಳೂರಿಗೆ 66, ಮಂಗಳೂರಿಗೆ 64, ಬೀದರ್‌ಗೆ 62. ಡಿಶ್ ಹಿಂದಿನ ಸ್ಕೇಲಿನಲ್ಲಿ ಅಷ್ಟಕ್ಕಿಡಿ. ಆಗ ಡಿಶ್ ಮುಖ ಆಕಾಶಕ್ಕಿಂತ ಪಕ್ಕದ ಮನೆ ಟ್ಯಾಂಕ್ ಕಡೆಗೇ ಜಾಸ್ತಿ ನೋಡುತ್ತಿರುವ ಹಾಗೆ ಕಾಣುತ್ತದೆ. ಗಾಬರಿಯಾಗಿ ಮೇಲೆತ್ತಬೇಡಿ. ಈ ಡಿಶ್‌ಗಳ ರಚನೆಯೇ ಹಾಗೆ, ಕೆಳಗಿನ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿಗೆ (ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಸಿಗ್ನಲ್ ಓರೆಯಾಗಿ ಬಂದು ಬೀಳುತ್ತದೆ. ನಮ್ಮ ಭಾವ ಕೆಟ್ಟಿದ್ದು ಇಲ್ಲೇ, ಮಳೆ ನೀರು ಹಿಡಿಯುವ ಬೋಗುಣಿ ಥರ ಮಲಗಿಸಿಬಿಟ್ಟಿದ್ದರು.

ಈಗ ಟಿವಿಯನ್ನೇ ಮೇಲೆ ತನ್ನಿ, ಆಗದಿದ್ದರೆ ಕೆಳಗಿನವರು ವಿಡಿಯೊ ಕಾಲ್ ಮಾಡಲಿ. ಬಾಕ್ಸ್‌ನ ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ನೋಡಲೇಬೇಡಿ. ಡಿಶ್ ಗೋಡೆ ಕಡೆ ತಿರುಗಿದ್ದರೂ ಅದು ತುಂಬಿಕೊಂಡೇ ಇರುತ್ತದೆ, ವೈರು ಸೇರಿದೆ ಅಂತ ಹೇಳುವುದಷ್ಟೇ ಅದರ ಕೆಲಸ. ನಮಗೆ ಬೇಕಿರುವುದು ಕ್ವಾಲಿಟಿ.

ಡಿಶ್ಶನ್ನು ಬೆರಳಗಲ ತಿರುಗಿಸಿ, ನಿಲ್ಲಿಸಿ, ಮೂರು ಎಣಿಸಿ. ಸಿಗ್ನಲ್ ಹಿಡಿಯಲು ಬಾಕ್ಸ್‌ಗೆ ಒಂದೆರಡು ಸೆಕೆಂಡು ಬೇಕು, ಸುಮ್ನೆ ಸರ್ರನೆ ತಿರುಗಿಸುವವರು ಸರಿಯಾದ ಜಾಗವನ್ನು ಹತ್ತು ಸಲ ದಾಟಿ ಹೋಗಿರುತ್ತಾರೆ. ಎಡ ಬಲ ಆದ ಮೇಲೆ ಒಂದು ಡಿಗ್ರಿ ಮೇಲೆ, ಮತ್ತೆ ಎಡ ಬಲ. ಉಪಗ್ರಹ ನಮ್ಮ ತಲೆ ಮೇಲೆ ಅಷ್ಟು ಎತ್ತರದಲ್ಲಿರುವುದರಿಂದ ಪಕ್ಕಕ್ಕೆ ಸ್ವಲ್ಪ ತಪ್ಪಿದರೂ ನಡೆಯುತ್ತದೆ, ಮೇಲೆ ಕೆಳಗೆ ತಪ್ಪಿದರೆ ನಡೆಯುವುದಿಲ್ಲ. ಕ್ವಾಲಿಟಿ ಬಂದರೂ ಚಾನೆಲ್ ಸಿಗದಿದ್ದರೆ ಪಕ್ಕದ ಉಪಗ್ರಹ ಹಿಡಿದಿದ್ದೀರಿ, ಹುಡುಕಾಟ ಮುಂದುವರಿಸಿ.

ಕ್ವಾಲಿಟಿ ಬಂದ ಖುಷಿಯಲ್ಲಿ ಕೆಳಗಿಳಿಯಬೇಡಿ. ಎಲ್‌ಎನ್‌ಬಿ ಹಿಡಿಕೆ ಸಡಿಲಿಸಿ ಅದನ್ನು ಇದ್ದಲ್ಲೇ ಮೆಲ್ಲಗೆ ತಿರುಚಿ, ಪಟ್ಟಿ ಇನ್ನೂ ಮೇಲೇರುತ್ತದೆ. ಇದನ್ನು ದುಡ್ಡು ತಗೊಂಡು ಹಾಕುವವರೂ ಮಾಡುವುದಿಲ್ಲ. ಬಿಸಿಲಲ್ಲಿ ಚೆನ್ನಾಗಿ ಬರುವ ಚಿತ್ರ ತುಂತುರು ಮಳೆಗೇ ಚೌಕ ಚೌಕವಾಗಿ ಒಡೆಯುತ್ತದಲ್ಲ, ಸಾಮಾನ್ಯವಾಗಿ ಇದೇ ಕಾರಣ. ಜೋರು ಮಳೆಗೆ ಮಾತ್ರ ಯಾವ ಡಿಶ್ಶೂ ನಿಲ್ಲುವುದಿಲ್ಲ, ಮಳೆ ಬಿಡುವವರೆಗೆ ಕಾಯಿರಿ, ಮೇಲೆ ಹತ್ತಬೇಡಿ.

ಬಾಕಿ. ನಟ್ಟು ಬಿಗಿದು (ಹೇಗೆ ಅಂತ ಕೆಳಗಿದೆ) ಚಾನೆಲ್ ಸರ್ಚ್ ಕೊಡಿ, ಮುಗಿಯಿತು. ಮೊಬೈಲ್‌ನಲ್ಲಿ ನೋಡುವ ಪಕ್ಕದ ಮನೆಯವರಿಗಿಂತ ಮೊದಲೇ ನಿಮಗೆ ಸಿಕ್ಸರ್ ಕಾಣುತ್ತದೆ, ಸ್ವಲ್ಪ ತಡೆದು ಕೂಗಿ.

ನಟ್ಟುಗಳನ್ನು ಒಂದೇ ಸಲಕ್ಕೆ ಬಿಗಿಯಬೇಡಿ, ಡಿಶ್ ಜಾರುತ್ತದೆ. ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು, ಕಣ್ಣು ಕ್ವಾಲಿಟಿ ಮೇಲೆ. ಆಮೇಲೆ ಕಂಬಕ್ಕೂ ಕ್ಲಾಂಪಿಗೂ ಸೇರಿಸಿ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ನಾಳೆ ಮಂಗ ನೇತಾಡಿ ಡಿಶ್ ತಿರುಗಿಸಿದರೆ ಗೆರೆಗೆ ಗೆರೆ ಕೂಡಿಸಿದರೆ ಆಯಿತು, ಯಾರೂ ಕೂಗಬೇಕಿಲ್ಲ.